ಇನ್ನೊಂದು ಚೂರು ಕಡಿಮೆ ಅಳಿ

ಸುಮ್ಮನೆ ಕೂರಲು ಬಾರದವನನ್ನು ಸುಮ್ಮನಿರುವವರ ದೇಶಕ್ಕೆ ಕಳಿಸಿದರೆ ಏನಾಗುತ್ತದೋ ಅದು ನನಗೆ ಲಿಂಕೋಪಿಂಗ್‌ನಲ್ಲಿ ಆಗುತ್ತಲೇ ಇರುತ್ತದೆ. ಲಿಂಕೋಪಿಂಗ್ ಇರುವುದು ಸ್ವೀಡನ್ನಿನಲ್ಲಿ. ನಾನು ಅಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಬರೆಯುವುದು ಇದೇ ಮೊದಲು, ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ.

೧. ನೆಟ್ ನಿಂತಿತು

ಭಾಷೆ ಕಲಿಯಲೆಂದು ನಾನೂ ಹೆಂಡತಿಯೂ ಸ್ವೀಡಿಷ್ ಧಾರಾವಾಹಿ ನೋಡತೊಡಗಿದೆವು. ಅದರಲ್ಲಿ ಒಬ್ಬ ಹೆಂಗಸಿಗೆ ಫೋನ್ ಬರುತ್ತದೆ, ಗಂಡ ದೋಣಿ ಮಗುಚಿ ಸತ್ತನೆಂದು. ಆಕೆ ಕಿಟಕಿಯತ್ತ ನೋಡುತ್ತಾಳೆ. ನೋಡುತ್ತಲೇ ಇರುತ್ತಾಳೆ. ನಾನು ದಾವಣಗೆರೆಯಲ್ಲಿ ಅಮ್ಮಿ-ಅಬ್ಬಾ, ಅಂದರೆ ತಾಯಿ-ತಂದೆಯ, ಪಕ್ಕ ಕೂತು ಧಾರಾವಾಹಿ ನೋಡಿ ಬೆಳೆದವನು. ಅಲ್ಲಿ ಇಂಥ ಸುದ್ದಿ ಬಂದರೆ ಮೊದಲು ಕೈಯಲ್ಲಿರುವ ತಟ್ಟೆ ಬೀಳಬೇಕು, ಆಮೇಲೆ ಗುಡುಗು, ಆಮೇಲೆ ಮನೆಮಂದಿಯ ಮುಖ ಒಂದೊಂದೂ ಮೂರು ಮೂರು ಸಲ. ಇಲ್ಲಿ ಏನೂ ಬೀಳಲಿಲ್ಲ. ನೆಟ್ ನಿಂತಿದೆ ಎಂದುಕೊಂಡು ಹೋಗಿ ರೌಟರ್ ಆಫ್ ಮಾಡಿ ಆನ್ ಮಾಡಿ ಬಂದೆ.

"ನೆಟ್ ಸರಿಯಾಗೇ ಇತ್ತು," ಎಂದಳು ಹೆಂಡತಿ. "ಅವಳು ಅಳ್ತಾ ಇದ್ದಳು. ನೀವೇ ನಿಲ್ಲಿಸಿದ್ರಿ."

೨. ಅಮ್ಮಿಯ ತರಬೇತಿ

ಕೆಲವು ತಿಂಗಳ ಬಳಿಕ ಲಿಂಕೋಪಿಂಗ್‌ಗೇ ಒಂದು ಸ್ವೀಡಿಷ್ ಧಾರಾವಾಹಿಯ ತಂಡ ಬಂತು. ಸಣ್ಣ ಪಾತ್ರಕ್ಕೆ ಜನ ಬೇಕೆಂದಿದ್ದರು. ಅರ್ಜಿ ಹಾಕಿದೆ, ಆರಿಸಿದರು. ನನ್ನ ಸೀನ್ ಇಷ್ಟೇ: ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರ್ ಬಂದು "ನಿಮ್ಮ ತಂದೆ ಉಳಿಯಲಿಲ್ಲ" ಎನ್ನುತ್ತಾರೆ. ನನಗೆ ಮಾತಿಲ್ಲ. ಮುಖ ಮಾತ್ರ, ನಾಲ್ಕು ಸೆಕೆಂಡು.

ನಾನು ಮಾಡಿದ ತಪ್ಪೆಂದರೆ ಅಮ್ಮಿಗೆ ಹೇಳಿದ್ದು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು, ಟೈಲರ್ ಅಂಗಡಿಯವರೆಗೂ. ಸೀನ್ ಬರದಿದ್ದರೆ ತಾನು ಬೀದಿಯಲ್ಲಿ ತಲೆ ಎತ್ತೋ ಹಾಗಿಲ್ಲ ಎಂದು ಅಮ್ಮಿ ದಿನಾ ಫೋನ್ ಮಾಡಿ ತರಬೇತಿ ಕೊಡತೊಡಗಿದರು. ಮಾತೆಲ್ಲ ಉರ್ದುವಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

"ಗೋಡೆಗೆ ಹಣೆ ಚಚ್ಚಿಕೋ. ಆದ್ರೆ ಮುಖ ಕ್ಯಾಮೆರಾ ಕಡೆಗೇ ಇರ್ಲಿ."

೩. ಕುತೂಹಲಕರ

ನಿರ್ದೇಶಕಿ ಮೆದು ದನಿಯ ಹೆಂಗಸು. ಮೊದಲ ಟೇಕ್‌ನಲ್ಲಿ ನಾನು ಎದೆ ಹಿಡಿದು ಗೋಡೆಗುಂಟ ಜಾರಿ ನೆಲಕ್ಕೆ ಕೂತೆ. "ತುಂಬ ಚೆನ್ನಾಗಿದೆ. ಇನ್ನೊಂದು ಚೂರು ಕಡಿಮೆ ಮಾಡಿದರೆ ಹೇಗಿರಬಹುದು?" ಎಂದರು. ನನಗೆ ಮೊದಲರ್ಧ ಮಾತ್ರ ಕೇಳಿಸಿತು. ಎರಡನೇ ಸಲ ಜಾರಲಿಲ್ಲ, ನಡುಗಿದೆ. "ಕುತೂಹಲಕರ," ಎಂದರು. ಖುಷಿಯಿಂದ ಅಮ್ಮಿಗೆ ಮೆಸೇಜ್ ಹಾಕಿದೆ.

ಐದನೇ ಟೇಕ್ ಆದಮೇಲೆ ಫಿಕಾ, ಅಂದರೆ ಕಾಫಿ ಬಿಡುವು. ಸಹಾಯಕಿ ಪಕ್ಕ ಕೂತು ಸಂಕೋಚದಿಂದ ತಿಳಿಸಿದಳು: ಮುಂದಿನದೂ ಹೀಗೇ ಆದರೆ ಕ್ಯಾಮೆರಾ ಡಾಕ್ಟರ ಮುಖ ಹಿಡಿಯುತ್ತದೆ, ನಿಮ್ಮದು ಬೆನ್ನು ಮಾತ್ರ. ಬೆನ್ನು ನೋಡಿ ನನ್ನನ್ನು ಗುರುತಿಸುವವರು ದಾವಣಗೆರೆಯಲ್ಲಿ ಯಾರೂ ಇಲ್ಲ. ನಿರ್ದೇಶಕಿ ಎರಡು ಗಂಟೆಯಿಂದ ನನ್ನನ್ನು ಬೈಯುತ್ತಿದ್ದಾರೆಂಬುದು ನನಗೆ ಆಗಲೇ ಗೊತ್ತಾದದ್ದು.

೪. ನಾಲ್ಕು ಸೆಕೆಂಡು

ಆರನೇ ಟೇಕ್. ಮಗಳ ಡಾಗಿಸ್, ಅಂದರೆ ಶಿಶುವಿಹಾರ, ಐದಕ್ಕೆ ಮುಚ್ಚುತ್ತದೆ. ಅಷ್ಟರೊಳಗೆ ಹೋಗಿ ಕರೆತರಬೇಕಾದವನು ನಾನು. ಡಾಕ್ಟರ್ ತಲೆಯ ಹಿಂದಿನ ಗಡಿಯಾರದಲ್ಲಿ ನಾಲ್ಕೂವರೆ. ಬಸ್ಸಿಗೇ ಇಪ್ಪತ್ತು ನಿಮಿಷ ಬೇಕು. "ನಿಮ್ಮ ತಂದೆ ಉಳಿಯಲಿಲ್ಲ." ನಾನು ಗಡಿಯಾರ ನೋಡಿದೆ, ಉಗುಳು ನುಂಗಿದೆ. ಅಷ್ಟೇ.

ನಿರ್ದೇಶಕಿ ಕಣ್ಣೊರೆಸಿಕೊಂಡು ತಲೆಯಾಡಿಸಿದರು. ಇಂಥ ದುಃಖ ತಾನು ನೋಡೇ ಇಲ್ಲ ಎಂದಳು ಸಹಾಯಕಿ. ನಾನು ಬಸ್ಸಿಗೆ ಓಡಿದೆ.

ಧಾರಾವಾಹಿ ಪ್ರಸಾರವಾದ ಮರುದಿನ ಆ ತುಣುಕನ್ನು ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ದಾವಣಗೆರೆಯ ನಮ್ಮ ಮನೆಯ ಹಾಲ್‌ನಲ್ಲಿ ಅರ್ಧ ಬೀದಿಯೇ ಕೂತಿತ್ತು. ಟೈಲರ್ ಅಂಗಡಿ ಮುಚ್ಚಿ ಬಂದಿದ್ದರು. ನಾಲ್ಕು ಸೆಕೆಂಡು ಬಂತು, ಹೋಯಿತು. ಎಲ್ಲರೂ ತಟ್ಟೆ ಬೀಳುವುದನ್ನೇ ಕಾಯುತ್ತಿದ್ದವರಂತೆ ಕೂತಿದ್ದರು. ಅಮ್ಮಿ ಯಾರ ಮುಖವನ್ನೂ ನೋಡಲಿಲ್ಲ.

ಅಬ್ಬಾ ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇದ್ರಲ್ಲಿ ಸತ್ತಿದ್ದು ಯಾರು?"

"ನೀವು," ಎಂದರು ಅಮ್ಮಿ. "ನಿಮ್ಮ ಮಗ ಟೈಮ್ ನೋಡ್ತಿದ್ದಾನೆ."