ಪಾತಾಳದ ಪೋಸ್ಟ್‌ಮ್ಯಾನ್‌ಗಾಗಿ ನಡೆದ ಮಹಾಸಮರ

ಹೇ ಮುದ್ರಣಯಂತ್ರಘೋಷಪ್ರಿಯೆಯಾದ ವಾಗ್ದೇವಿಯೇ! ಅಕ್ಷರಕ್ಕಿಂತ ಚಿತ್ರವೇ ಮುಂದೋಡುವ, ಮಾತುಗಳು ಬಿಳಿಯ ಗುಳ್ಳೆಗಳೊಳಗೆ ಕುಳಿತು ತೇಲುವ ಈ ಯುಗದಲ್ಲಿ, ಹುಬ್ಬಳ್ಳಿಯೆಂಬ ಮಹಾನಗರಿಯ ದಿನಪತ್ರಿಕೆಯೊಂದರ ಪುಸ್ತಕವಿಮರ್ಶಾಸಿಂಹಾಸನವನ್ನು ಹನ್ನೊಂದು ಸಂವತ್ಸರಗಳಿಂದ ಅಲಂಕರಿಸಿದ್ದ, ಮುನ್ನುಡಿಮರ್ದನ, ಬೆನ್ನುಡಿಭಂಜನ, ಸ್ಥೂಲೋಪನೇತ್ರಧಾರಿ ಗಂಗಾಧರ ಹೊಂಬಳನ ಪರಾಕ್ರಮವನ್ನು ಹೇಳಲು ನಮಗೆ ಉಸಿರು ಕೊಡು!

ಒಂದು ಗುರುವಾರ ಮಧ್ಯಾಹ್ನ ಕಚೇರಿಗೆ ಬಂದ ಕಟ್ಟಿನೊಳಗೆ ಆಗತಾನೆ ಬಿಡುಗಡೆಯಾದ ಎರಡು ಕಾಮಿಕ್ಸ್ ಪುಸ್ತಕಗಳಿದ್ದವು: ‘ಹಾರುವ ಕಂಡಕ್ಟರ್ ಕಾಶೀಬಾಯಿ’ ಮತ್ತು ‘ಪಾತಾಳದ ಪೋಸ್ಟ್‌ಮ್ಯಾನ್’. ನಿವೃತ್ತ ಅಧಿಕಾರಿಗಳ ಅಭಿನಂದನಗ್ರಂಥಾರಣ್ಯದಲ್ಲಿ ಅಲೆದಲೆದು ಬಳಲಿದ್ದ ವೀರನ ಎದೆ ಹಿಗ್ಗಿತು. ಆದರೆ ಅಯ್ಯೋ! ಅವನ ಕೈಗಿಂತ ಮೊದಲು ಇನ್ನೊಂದು ಕೈ ಕಟ್ಟನ್ನು ಹಿಡಿದಿತ್ತು. ಅದು ಮಕ್ಕಳ ಪುಟದ ಸಾಮ್ರಾಜ್ಞಿ, ಅಂಕುಡೊಂಕುಚಿತ್ರಪರೀಕ್ಷಕಿ ಅನ್ನಪೂರ್ಣಾ ಯಲಿಗಾರಳ ಕೈ.

“ಮೇಡಂ, ಆ ಪುಸ್ತಕಕ್ಕ ಕೈ ಹಚ್ಚಬ್ಯಾಡ್ರಿ!” ಎಂದು ಹೊಂಬಳ ಸ್ಟೀಲಿನ ಅಡಿಪಟ್ಟಿಯನ್ನು ಖಡ್ಗದಂತೆ ಎತ್ತಿದ.

“ಯಾಕ್ರೀ ಸರ? ಚಿತ್ರ ಇದ್ದದ್ದೆಲ್ಲಾ ಮಕ್ಕಳ ಪುಟಕ್ಕ ಬರ್ತೈತಿ.”

“ಕೇಳ್ರಿಲ್ಲೆ! ಎಂಟನೂರು ಪುಟದ ಸ್ಮರಣಸಂಚಿಕೆಯನ್ನ ಒಂದ ರಾತ್ರ್ಯಾಗ ಮುಗಿಸಿದಾಂವ ನಾನು! ಇಡೀ ಉತ್ತರ ಕರ್ನಾಟಕದಾಗ ಶುದ್ಧಿಪತ್ರ ಓದೋ ವಿಮರ್ಶಕ ನಾ ಒಬ್ಬನ!”

“ನಾನೂ ಹೇಳ್ತೀನಿ ಕೇಳ್ರಿ. ವಾರಕ್ಕ ನೂರಾ ಇಪ್ಪತ್ತು ಆನಿ ಚಿತ್ರ ಬರ್ತಾವ. ಸೊಂಡಿಲು ಯಾವ್ದು, ಬಾಲ ಯಾವ್ದು ಅಂತ ಗುರ್ತು ಹಿಡಿಯೋ ಕಣ್ಣು ಇವು!”

ಕುರ್ಚಿಗಳು ಕಿರುಗುಟ್ಟಿದವು, ಗೋಂದಿನ ಬಾಟಲಿ ನೆಲಕ್ಕುರುಳಿತು. ಒಳಗಿನಿಂದ ಹೊರಬಂದ ಸಂಪಾದಕ ಮುರಿಗೆಪ್ಪನವರು ಎರಡೂ ಸೈನ್ಯಗಳನ್ನು ನೋಡಿ, “ಇಬ್ಬರೂ ಕೂಡಿ ಬರೀರಿ. ನಾಕಕ್ಕ ಪುಟ ಮುಗಿಬೇಕು,” ಎಂದು ಆಜ್ಞಾಪಿಸಿ ಹಿಂದಿರುಗಿದರು.

ಆಗ ಶತ್ರುಗಳಿಬ್ಬರೂ ಒಂದೇ ಮೇಜಿಗೆ ಕುಳಿತರು. ಕಾಶೀಬಾಯಿ ಬಸ್ಸನ್ನು ಹೆಗಲಿಗೇರಿಸಿ ಹಾರಿದ ಪುಟದಲ್ಲಿ ಯಲಿಗಾರ ನಕ್ಕಳು. ಹೊಂಬಳ “ಹಾರೂದು ಛಲೋ ಐತಿ, ಕತಿ ಸಪ್ಪಗೈತಿ,” ಎಂದು ಬಾಣ ಬಿಟ್ಟ. ಆದರೆ ಎರಡನೆಯ ಪುಸ್ತಕದ ನಡುವೆ, ಒಂದೂ ಮಾತಿನ ಗುಳ್ಳೆಯಿಲ್ಲದ ಆರು ಪುಟಗಳು ಎದುರಾದವು. ಪಾತಾಳದ ಕತ್ತಲೆಯಲ್ಲಿ ಪೋಸ್ಟ್‌ಮ್ಯಾನ್, ಓದು ಬಾರದ ಮುದಿ ರಾಕ್ಷಸಿಯ ಪಕ್ಕ ಕುಳಿತು ಅವಳ ಮಗನ ಪತ್ರವನ್ನು ಓದಿ ಹೇಳುತ್ತಿದ್ದ. ಪತ್ರ ಮುಗಿದಾಗ ಅವಳು ಅದನ್ನು ತಿರುಗಿಸಿ, ಹಿಂಬದಿಯಲ್ಲೂ ಏನಾದರೂ ಇದೆಯೇ ಎಂದು ನೋಡುತ್ತಿದ್ದಳು.

ವಜ್ರಹೃದಯನೆಂದು ಹೆಸರಾದ ವಿಮರ್ಶಕನ ಕನ್ನಡಕ ಮಂಜಾಯಿತು. ಅವನು ಕರವಸ್ತ್ರ ತೆಗೆದು ಗಾಜನ್ನಷ್ಟೇ ಒರೆಸುವವನಂತೆ ನಟಿಸಿದ.

ಯಲಿಗಾರ ಪುಸ್ತಕವನ್ನು ಅವನತ್ತ ಸರಿಸಿ ಹೇಳಿದಳು: “ಸರ, ಈ ಪುಟದ ಬಗ್ಗೆ ನೀವ ಬರೀರಿ. ನನಗ ನಿಮ್ಮಷ್ಟು ಛಲೋ ಬರಿಯಾಕ ಆಗೂದಿಲ್ಲ.”

“ಇಲ್ರೀ. ಆ ರಾಕ್ಷಸಿ ಕೈ ಚಿತ್ರಕಾರ ಹೆಂಗ ಬರದಾನ ನೋಡ್ರಿ. ಆ ಗೆರಿ ಬಗ್ಗೆ ನೀವ ಹೇಳಬೇಕು.”

ಹೀಗೆ ಸಂಧಿಯಾಗಿ, ಒಬ್ಬರು ಹೇಳಿ ಒಬ್ಬರು ಬರೆದು, ನಾಲ್ಕಕ್ಕೆ ಐದು ನಿಮಿಷವಿರುವಾಗ ಒಂಬೈನೂರು ಪದಗಳ ಮಹಾವಿಮರ್ಶೆ ಸಿದ್ಧವಾಯಿತು. ಹನ್ನೊಂದು ವರ್ಷಗಳಲ್ಲಿ ತಾನು ಬರೆದುದೆಲ್ಲದರಲ್ಲಿ ಇದೇ ಶ್ರೇಷ್ಠವೆಂದು ಹೊಂಬಳನಿಗೆ ಖಾತ್ರಿಯಾಗಿತ್ತು.

ನಾಲ್ಕಕ್ಕೆ ಸರಿಯಾಗಿ ಕುಕ್ಕರ್ ಮೇಳದ ಜಾಹೀರಾತೊಂದು ಬಂದು ಅದೇ ಪುಟದ ಮುಕ್ಕಾಲು ಭಾಗವನ್ನು ಆಕ್ರಮಿಸಿ ಕುಳಿತಿತು.

ಭಾನುವಾರದ ಪುರವಣಿಯ ಮೂಲೆಯಲ್ಲಿ ಓದುಗರು ಕಂಡದ್ದು ಇಷ್ಟು: “ಎರಡು ಹೊಸ ಕಾಮಿಕ್ಸ್ ಬಂದಿವೆ. ಓದಬಹುದು. – ಗಂಗಾಧರ ಹೊಂಬಳ ಮತ್ತು ಅನ್ನಪೂರ್ಣಾ ಯಲಿಗಾರ.”