ಪಾರ್ಕಿಂಗ್ ಗ್ಯಾರೇಜಿನ ಲಿಸ್ಬನ್

ನಮ್ಮ ಭಾವನವರಿಗೆ ಲಿಸ್ಬನ್ ಊರಿನ ಒಂದೊಂದು ಗಲ್ಲಿಯೂ ಗೊತ್ತು. ಟ್ರ್ಯಾಮಿನಲ್ಲಿ ಯಾವ ಕಡೆ ಕೂತರೆ ನದಿ ಕಾಣುತ್ತದೆ, ಯಾವ ಚೌಕದ ಹತ್ತಿರ ಮಕ್ಕಳಿಗೆ ಬಾತ್‌ರೂಮ್ ಸಿಗುತ್ತದೆ, ಯಾವ ಬೇಕರಿಯಾಕೆ ಸ್ವಲ್ಪ ಸಿಡುಕಿ, ಎಲ್ಲವೂ ನಾಲಿಗೆ ತುದಿಯಲ್ಲಿದೆ. ಲಿಸ್ಬನ್ನಿಗೆ ಒಂದು ಸಲವೂ ಹೋಗಿಲ್ಲ, ಅಷ್ಟೇ ಕೊರತೆ!

ಆ ಶನಿವಾರವೂ ನಮ್ಮ ಎಲ್ಲ ಶನಿವಾರಗಳ ಹಾಗೆಯೇ ಶುರುವಾಯಿತು. ಟೆಕ್ಸಸ್ಸಿನ ಡಾಲಸ್ ಹತ್ತಿರದ ಮೆಕಿನ್ನಿಯ ನಮ್ಮ ಬೀದಿಯಲ್ಲಿ ಸ್ಪ್ರಿಂಕ್ಲರುಗಳು ಹುಲ್ಲಿಗಿಂತ ಹೆಚ್ಚು ನೀರನ್ನು ಯಾರೂ ಕಾಲಿಡದ ಫುಟ್‌ಪಾತಿಗೆ ಎರಚುತ್ತಿದ್ದವು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಆರು ವರ್ಷದ ಮಗ ಸೋಫಾದ ಮೇಲೆ ಕಾಲು, ನೆಲದ ಮೇಲೆ ತಲೆ ಇಟ್ಟುಕೊಂಡು ಕಾರ್ಟೂನ್ ನೋಡುತ್ತಿದ್ದ. ಮೂರು ವರ್ಷದ ಮಗಳು ನನ್ನ ಹಳೇ ಹತ್ತಿ ಸೀರೆಯ ತುಂಡೊಂದನ್ನು ಕೆನ್ನೆಗೆ ಒತ್ತಿಕೊಂಡು ಅದರ ಅಂಚನ್ನು ಬೆರಳಿನಿಂದ ತೀಡುತ್ತ ಅವನ ಪಕ್ಕದಲ್ಲಿದ್ದಳು. ಆ ತುಂಡಿಗೆ ಅವಳಿಟ್ಟ ಹೆಸರು 'ಮೆತ್ತೆ'. ಅದಿಲ್ಲದೆ ಅವಳಿಗೆ ನಿದ್ದೆ ಇಲ್ಲ. ಅವಳಿಗಿಲ್ಲದಿದ್ದರೆ ನಮಗೂ ಇಲ್ಲ. ಯಜಮಾನರು ಕಾಫಿ ಲೋಟವನ್ನು ಲ್ಯಾಪ್‌ಟಾಪಿನ ಪಕ್ಕ ಆರಲು ಬಿಟ್ಟಿದ್ದರು. ಭಾವ ಬೆನ್ನಿಗೆ ಬ್ಯಾಗ್ ಏರಿಸಿಕೊಂಡು ನಮ್ಮ ಮನೆಯ ಮೆಟ್ಟಿಲನ್ನು ಹತ್ತಿ ಇಳಿದು, ಇಳಿದು ಹತ್ತಿ ಮಾಡುತ್ತಿದ್ದರು. ಎಡಮಂಡಿಯ ಮೇಲೆ ಎಂದಿನ ಕಂದು ಬಣ್ಣದ ನೀಕ್ಯಾಪ್. ಸ್ನಾನಕ್ಕೆ ಬಿಟ್ಟರೆ ಅದನ್ನು ಅವರು ಬಿಚ್ಚಿದ್ದನ್ನು ಕಂಡವರಿಲ್ಲ.

ಇವರು ನನ್ನ ಗಂಡನ ಅಣ್ಣ. ಮದುವೆಯ ಗೋಜಿಗೆ ಹೋದವರಲ್ಲ. ಶುಗರ್ ಲ್ಯಾಂಡಿನಲ್ಲಿ ಮನೆ. ಹ್ಯೂಸ್ಟನ್ನಿನ ಎಣ್ಣೆ ಕಂಪನಿಯೊಂದರಲ್ಲಿ ಪೈಪುಗಳ ಲೆಕ್ಕಾಚಾರ ಮಾಡುತ್ತಿದ್ದು ನಿವೃತ್ತರಾದವರು. ಆಮೇಲೆ ಹಿಡಿದ ಹುಚ್ಚು ಒಂದೇ, ಬೇರೆಯವರ ಪ್ರವಾಸಕ್ಕೆ ಪ್ಲಾನ್ ಹಾಕಿಕೊಡುವುದು. ಹ್ಯೂಸ್ಟನ್ನಿನ ಅರ್ಧ ಕನ್ನಡಿಗರು ಪ್ಯಾರಿಸ್ ನೋಡಿದ್ದು ಇವರ ಕಣ್ಣಿನಿಂದಲೇ. ಇವರ ಕಣ್ಣು ಮಾತ್ರ ಪ್ಯಾರಿಸ್ ನೋಡಿಲ್ಲ. ಯಾಕೆ ಅಂತ ಕೇಳಿದರೆ, ಅಡುಗೆ ಭಟ್ಟರು ಪಂಕ್ತಿಯಲ್ಲಿ ಕೂರುವುದನ್ನು ನೀನು ಎಲ್ಲಾದರೂ ನೋಡಿದ್ದೀಯಾ ಎಂದು ನನ್ನನ್ನೇ ಕೇಳುತ್ತಾರೆ!

ನಮ್ಮ ಯಜಮಾನರಿಗೆ ಆಫೀಸಿನ ಮೀಟಿಂಗು ಲಿಸ್ಬನ್ನಿನಲ್ಲಿ ಬಿತ್ತು. ಹೇಗೂ ಹೋಗುತ್ತೀರಲ್ಲ, ನಾವೂ ಬರುತ್ತೇವೆ, ಊರು ನೋಡಿಕೊಂಡು ಬರೋಣ ಎಂದು ಹಟ ಹಿಡಿದವಳು ನಾನೇ. ಟಿಕೆಟ್ ಆದ ಮೇಲೆ ತಿಳಿಯಿತು, ಅವರ ಮೀಟಿಂಗು ಬೆಳಿಗ್ಗೆಯಿಂದ ಸಂಜೆಯವರೆಗಂತೆ. ಅಂದರೆ ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಎರಡು ದಿಕ್ಕಿಗೆ ಓಡುವ ಇಬ್ಬರು ಮಕ್ಕಳು, ನಡುವೆ ನಾನೊಬ್ಬಳು. ಭಾವನವರನ್ನು ಜೊತೆಗೆ ಬನ್ನಿ ಎಂದು ಕರೆದೆ.

"ಲಿಸ್ಬನ್ ಏಳು ಗುಡ್ಡದ ಊರಮ್ಮ. ನನ್ನದು ಶುಗರ್ ಲ್ಯಾಂಡ್ ಮಂಡಿ. ಅಲ್ಲಿ ಸ್ಪೀಡ್ ಬ್ರೇಕರ್‌ಗಿಂತ ಎತ್ತರದ್ದು ಏನೂ ಇಲ್ಲ" ಅಂದರು. "ನಿಂಗೆ ನೋಡ್ಕೊಳಕ್ಕೆ ಇಬ್ರು ಮಕ್ಕಳಿದಾರೆ, ಸಾಕು. ಮೂರನೇದು ಯಾಕೆ?"

ನಾನು ನಕ್ಕೆ. ಆದರೆ ಬಿಡಲಿಲ್ಲ. ಫೋನಿನಲ್ಲಿ ಒಂದು ಸಲ, ಹಬ್ಬದ ಒಬ್ಬಟ್ಟು ಬಡಿಸುವಾಗ ಇನ್ನೊಂದು ಸಲ ಕರೆದೆ. ಯಾವಾಗಲೂ ಮಂಡಿಯೇ ಅಡ್ಡ ಬಂತು. ನಮ್ಮ ವಿಮಾನದಲ್ಲಿ ಇನ್ನೂ ಸೀಟು ಖಾಲಿ ಇದೆಯೇ ಎಂದು ನಾನು ಸಾರಿಗೆ ಒಗ್ಗರಣೆ ಹಾಕುವ ನಡುವೆ ಫೋನಿನಲ್ಲಿ ನೋಡುತ್ತಲೇ ಇದ್ದೆ. ಇತ್ತು. ಕೂರಬೇಕಾದವರು ಮಾತ್ರ ಒಪ್ಪಲೊಲ್ಲರು.

ಬರುವುದಿಲ್ಲ ಎಂದವರು ಸುಮ್ಮನಿದ್ದರೇ? ಶುಗರ್ ಲ್ಯಾಂಡಿನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದು ನಮ್ಮ ಗೆಸ್ಟ್ ರೂಮಿನಲ್ಲಿ ಬೀಡುಬಿಟ್ಟರು. ರಿಹರ್ಸಲ್ ಇಲ್ಲದೆ ನಾಟಕವಿಲ್ಲ, ರಿಹರ್ಸಲ್ ಇಲ್ಲದೆ ಯುರೋಪೂ ಇಲ್ಲ ಎಂಬುದು ಅವರ ಸಿದ್ಧಾಂತ. "ಊರು ಎಲ್ಲೂ ಓಡಿಹೋಗಲ್ಲ, ಮಕ್ಕಳು ಓಡಿಹೋಗ್ತಾರೆ. ಪ್ಲಾನ್ ಮಾಡಬೇಕಾದ್ದು ಊರನ್ನಲ್ಲ, ಮಕ್ಕಳನ್ನ" ಅಂದರು.

ಮೊದಲು ನಡಿಗೆ. ನಮ್ಮ ಮಕ್ಕಳಿಗೆ ನಡಿಗೆ ಎಂದರೆ ಅಡುಗೆಮನೆಯಿಂದ ಗ್ಯಾರೇಜಿಗೆ. ಅಲ್ಲಿಂದ ಮುಂದೆ ಕಾರಿನದೇ ಕಾಲು. ಇವರನ್ನು ಗುಡ್ಡ ಹತ್ತಿಸಬೇಕು, ಸರಿ. ಆದರೆ ಡಾಲಸ್ಸಿನ ಸುತ್ತ ಗುಡ್ಡ ಎಲ್ಲಿಂದ ತರುವುದು? ದೋಸೆ ಹೆಂಚಿನ ಹಾಗಿರುವ ನಾಡು ಇದು. ಭಾವ ಒಂದು ದಿನ ಯೋಚಿಸಿ ಗುಡ್ಡವನ್ನು ಪತ್ತೆ ಹಚ್ಚಿಯೇಬಿಟ್ಟರು. ಪ್ಲೇನೋದ ಮಾಲೊಂದರ ಬಹುಮಹಡಿ ಪಾರ್ಕಿಂಗ್ ಗ್ಯಾರೇಜು!

ಕಾರುಗಳು ಸುತ್ತಿ ಸುತ್ತಿ ಏರುವ ಆ ಇಳಿಜಾರಿನಲ್ಲಿ, ಗೋಡೆಯ ಪಕ್ಕಕ್ಕೆ, ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ಚಾಪೆಲಿಗೆ ಕರೆದೊಯ್ಯುತ್ತಿದ್ದ ಹಾಗೆ ಇಬ್ಬಿಬ್ಬರಾಗಿ ಕೈ ಹಿಡಿದು ಹೊರಟೆವು. ಮುಂದೆ ಭಾವ ಮತ್ತು ಮಗ, ಹಿಂದೆ ಮಗಳ ಸ್ಟ್ರಾಲರ್ ತಳ್ಳುತ್ತ ನಾನು. ಎರಡನೇ ಮಹಡಿಗೆ ಬಂದಾಗ ಭಾವ ಕೈ ಚಾಚಿ, ಎಡಕ್ಕೆ ಕೋಟೆ ಕಾಣುತ್ತೆ ನೋಡಿ ಅಂದರು. ಎಡಕ್ಕೆ ಬೆಳ್ಳಿ ಬಣ್ಣದ ಪಿಕಪ್ ಟ್ರಕ್ ಇತ್ತು. ಮೂರನೇ ಮಹಡಿಯಲ್ಲಿ ಸೆಕ್ಯುರಿಟಿಯವನು ಗಾಲ್ಫ್ ಕಾರ್ಟಿನಲ್ಲಿ ನಮ್ಮ ಪಕ್ಕಕ್ಕೆ ಬಂದು, ಪಾಪ, ಕಾರು ಎಲ್ಲಿ ನಿಲ್ಲಿಸಿದ್ದೀರಿ ಅಂತ ಮರೆತಿರಾ, ಹತ್ತಿ, ಹುಡುಕಿಕೊಡುತ್ತೇನೆ ಅಂದ.

ಭಾವ ಗಂಭೀರವಾಗಿ, ಇಲ್ಲಪ್ಪ, ಲಿಸ್ಬನ್ನಿಗೆ ಹೋಗುತ್ತಿದ್ದೇವೆ ಎಂದರು.

ಅವನು ನಮ್ಮೆಲ್ಲರ ಮುಖ ನೋಡಿ, ಟೋಪಿ ಸರಿ ಮಾಡಿಕೊಂಡು, ಹಾಗಾದರೆ ಲಿಫ್ಟು ಆ ಕಡೆ ಇದೆ ಎಂದು ಹೇಳಿ ಹೋದ. ತುದಿ ಮಹಡಿ ಮುಟ್ಟಿದಾಗ ಮಕ್ಕಳಿಬ್ಬರೂ ಇನ್ನೊಂದು ಸಲ ಅಂದರು. ಭಾವ ಮಾತ್ರ ಕಂಬಕ್ಕೊರಗಿ ನಿಂತರು. ವ್ಯೂ ನೋಡುತ್ತಿದ್ದೇನೆ ಅಂದರು. ಕೆಳಗೆ ಕಾಣುತ್ತಿದ್ದದ್ದು ಟೈರ್ ಅಂಗಡಿ.

ಆಮೇಲೆ ಹೋಟೆಲಿನ ರಿಹರ್ಸಲ್. ಟೆಕ್ಸಸ್ಸಿನ ಮಕ್ಕಳಿಗೆ ಅವರವರ ಕೋಣೆ, ಅವರವರ ಬಾತ್‌ರೂಮು. ಯುರೋಪಿನ ಹೋಟೆಲ್ ಕೋಣೆಯಲ್ಲಿ ಸೂಟ್‌ಕೇಸ್ ತೆರೆದರೆ ಬಾಗಿಲು ತೆರೆಯುವುದಿಲ್ಲ ಎಂದು ಭಾವ ಎಲ್ಲಿಯೋ ಓದಿದ್ದಾರೆ. ಹಾಗಾಗಿ ಆಸ್ಟಿನ್ ಹತ್ತಿರದ ಸೀಡರ್ ಪಾರ್ಕಿನಲ್ಲಿರುವ ನಮ್ಮ ಸ್ನೇಹಿತರ ಮನೆಗೆ ಎಲ್ಲರೂ ಹೋಗಿ, ಅವರ ಅತಿ ಚಿಕ್ಕ ಕೋಣೆಯನ್ನು ಕೇಳಿ ಪಡೆದು, ನಾವು ನಾಲ್ವರೂ ಒಂದೇ ಸೂಟ್‌ಕೇಸಿನ ಜೊತೆ ಅದರಲ್ಲಿ ಸೇರಿಕೊಂಡೆವು. ಧಾರವಾಡ ಕಡೆಯ ಆ ಗೃಹಿಣಿ ಸಂಕಟಪಟ್ಟುಕೊಂಡರು. "ಅಯ್ಯ, ಮ್ಯಾಲೆ ಮೂರು ರೂಮ್ ಖಾಲಿ ಅದಾವ್ರಿ. ನಮ್ಮನ್ಯಾಗ ಜಾಗಾ ಇಲ್ಲೇನ್ರಿ?" ಎಂದು ಬಾಗಿಲಲ್ಲೇ ನಿಂತರು. ಬಿಸಿ ರೊಟ್ಟಿ, ಎಣ್ಣೆಗಾಯಿ ತಂದರೆ ಭಾವ ಕೈ ಅಡ್ಡ ಹಿಡಿದು, ಲಿಸ್ಬನ್ನಿನಲ್ಲಿ ಇದನ್ನು ಯಾರೂ ರೂಮಿಗೆ ತಂದುಕೊಡುವುದಿಲ್ಲ, ಮಕ್ಕಳ ಅಭ್ಯಾಸ ಕೆಡಿಸಬೇಡಿ ಅಂದರು. ಹಾಗೆ ಅಂದವರು ಆಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ರೊಟ್ಟಿ ಮುರಿಯುತ್ತಿದ್ದುದನ್ನು ನಾನೇ ನೋಡಿದೆ. ಕೇಳಿದ್ದಕ್ಕೆ, ನಾನು ಬರುತ್ತಿಲ್ಲವಲ್ಲ, ನನಗೆ ನಿಯಮವಿಲ್ಲ ಎಂದು ಎಣ್ಣೆಗಾಯಿ ಪಾತ್ರೆಯನ್ನು ಹತ್ತಿರ ಎಳೆದುಕೊಂಡರು!

ಊಟದ ರಿಹರ್ಸಲ್ ನಮ್ಮ ಮನೆಯಲ್ಲೇ ನಡೆಯಿತು. ಅಲ್ಲಿಯವರು ಊಟಕ್ಕೆ ಕೂರುವ ಹೊತ್ತಿಗೆ ನಮ್ಮ ಮಕ್ಕಳು ಎರಡನೇ ಕನಸಿನಲ್ಲಿರುತ್ತಾರೆ. ಅವರನ್ನು ಐಪ್ಯಾಡ್ ಇಲ್ಲದೆ ಕಾಯಿಸಿ ಕೂರಿಸುವುದು ಹೇಗೆ? ಭಾವ ಹೆಗಲಿಗೆ ಟವೆಲ್ ಹಾಕಿಕೊಂಡು ತಾವೇ ವೇಟರ್ ಆದರು. ಬಂದು ಬಗ್ಗಿ ಆರ್ಡರ್ ತೆಗೆದುಕೊಂಡು ಮಾಯವಾದರು. ಎಷ್ಟು ಹೊತ್ತಾದರೂ ಪತ್ತೆಯಿಲ್ಲ. ಮಗಳು ಮೆತ್ತೆಯ ಮೇಲೆ ಕೆನ್ನೆಯಿಟ್ಟು ಟೇಬಲ್ಲಿನಲ್ಲೇ ಮಲಗಿದಳು. ಮಗ ಮಾತ್ರ ಕೈ ಕಟ್ಟಿಕೊಂಡು ಕೂತಿದ್ದ. ಕೊನೆಗೆ ಮೊಸರನ್ನ ಬಂದಾಗ ಅವನು ತಟ್ಟೆ ನೋಡಿ ಹೇಳಿದ: "ದೊಡ್ಡಪ್ಪ, ದಿಸ್ ಪ್ಲೇಸ್ ಗೆಟ್ಸ್ ಒನ್ ಸ್ಟಾರ್."

ಭಾವನವರಿಗೆ ಸಂತೋಷವೋ ಸಂತೋಷ. ಹುಡುಗ ಯುರೋಪಿಗೆ ತಯಾರು ಎಂದು ಘೋಷಿಸಿದರು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ಶನಿವಾರ. ನಮ್ಮ ವಿಮಾನ ಮಂಗಳವಾರ. ಮಂಗಳವಾರ ಮನೆ ಬಿಟ್ಟು ಹೊರಡಬಾರದು. ಭಾವ ದೇವರಿಗೆ ಕೈ ಮುಗಿದದ್ದನ್ನು ನಾನು ಕಂಡಿಲ್ಲ. ಆದರೆ ಮಂಗಳವಾರದ ವಿಷಯದಲ್ಲಿ ರಾಜಿಯಿಲ್ಲ. ಅದಕ್ಕೆ ಪರಿಹಾರ ಪ್ರಸ್ಥಾನ. ಒಳ್ಳೆಯ ಗಳಿಗೆ ನೋಡಿ ಪ್ರಯಾಣಿಕರ ವಸ್ತುಗಳನ್ನು ಒಂದು ಚೀಲದಲ್ಲಿ ಹಾಕಿ ಪಕ್ಕದ ಮನೆಯಲ್ಲಿಟ್ಟುಬಿಟ್ಟರೆ ಪ್ರಯಾಣ ಆಗಲೇ ಹೊರಟ ಲೆಕ್ಕ. ಆಮೇಲೆ ಆ ಚೀಲ ಎತ್ತಿಕೊಂಡು ಯಾವ ವಾರ ಹೋದರೂ ದೋಷವಿಲ್ಲ. "ಇದು ಮೂಢನಂಬಿಕೆ ಅಲ್ಲಮ್ಮ, ಬ್ಯಾಕಪ್" ಎಂದು ಎಂಜಿನಿಯರರ ಗತ್ತಿನಲ್ಲಿ ಹೇಳಿದರು.

ನಾನು ಬೀರುವಿನ ಮೂಲೆಯಿಂದ ಯಾರೂ ಹಾಕದ ಸ್ವೆಟರ್ ಒಂದನ್ನು ತಂದುಕೊಟ್ಟೆ. ಅದನ್ನು ಎರಡು ಬೆರಳಿನಲ್ಲಿ ಹಿಡಿದು ವಾಪಸ್ಸು ಕೊಟ್ಟರು.

"ಹಾಗಲ್ಲ. ದಿನಾ ಬೇಕಾಗೋದನ್ನ ಇಡಬೇಕು. ಬೇಡದ್ದನ್ನ ಇಟ್ಟರೆ ಹೊರಟ ಹಾಗಲ್ಲ, ಗುಜರಿಗೆ ಹಾಕಿದ ಹಾಗೆ. ಮತ್ತೆ ಹೋಗೋರದ್ದು ಮಾತ್ರ. ಹೋಗದೇ ಇರೋರದ್ದು ಒಂದು ಕರ್ಚೀಫೂ ಸೇರಬಾರದು."

ಸರಿ, ನಾನು ನನ್ನ ಓದುವ ಕನ್ನಡಕ ಕೊಟ್ಟೆ. ಯಜಮಾನರು ಬೆಲ್ಟ್ ಬಿಚ್ಚಿ ಕೊಟ್ಟು ಪ್ಯಾಂಟ್ ಹಿಡಿದುಕೊಂಡು ಲ್ಯಾಪ್‌ಟಾಪಿಗೆ ಮರಳಿದರು. ಮಗ ತನ್ನ ಕೆಂಪು ಕಾರು ಕೊಟ್ಟ. ಮಗಳು ಯಾರೂ ಕೇಳುವ ಮೊದಲೇ, ದೊಡ್ಡಪ್ಪನ ಮೇಲಿನ ಪ್ರೀತಿಗೆ, ಮೆತ್ತೆಯನ್ನೇ ಚೀಲಕ್ಕೆ ತುರುಕಿಬಿಟ್ಟಳು. ನಮ್ಮ ತಲೆಯಲ್ಲಿ ಆ ಹೊತ್ತಿಗೆ ಯೋಚನೆ ಎಂಬುದು ಇದ್ದಿದ್ದರೆ!

ಪಕ್ಕದ ಮನೆ ಮಿಸ್ ಲಿಂಡಾ ಅವರದು. ಒಬ್ಬರೇ ಇರುವ ಹಿರಿಯ ಟೆಕ್ಸಸ್ ಹೆಂಗಸು. ಅವರ ವರಾಂಡದಲ್ಲಿ ಒಂದು ಉಯ್ಯಾಲೆ ಬೆಂಚು, ಸುತ್ತ ಜೆರೇನಿಯಮ್ ಕುಂಡಗಳು. ಭಾವ ಚೀಲ ಹಿಡಿದು ಹೋದದ್ದು ಅಡುಗೆಮನೆ ಕಿಟಕಿಯಿಂದ ಕಂಡಿತು. ಎಷ್ಟು ಹೊತ್ತಾದರೂ ಬರಲಿಲ್ಲ. ಬೆಂಚಿನ ಮೇಲೆ ಕೂತು ಬಗ್ಗಿ ಏನೋ ಮಾಡುತ್ತಿದ್ದರು, ಶೂ ಲೇಸ್ ಇರಬೇಕು ಅಂದುಕೊಂಡೆ. ವಾಪಸ್ಸು ಬಂದವರನ್ನು, ಮಿಸ್ ಲಿಂಡಾಗೆ ಇದೆಲ್ಲ ಹೇಗೆ ಅರ್ಥ ಮಾಡಿಸಿದಿರಿ ಎಂದು ಕೇಳಿದೆ. ಇವರು ಇವತ್ತು ಹೊರಟರು, ಆದರೆ ಮಂಗಳವಾರ ಹೋಗುತ್ತಾರೆ ಅಂದರಂತೆ. ಆಕೆ ಸ್ವಲ್ಪವೂ ಆಶ್ಚರ್ಯಪಡದೆ, ತೀರಿಹೋದ ನನ್ನ ಗಂಡನೂ ಹಾಗೇ, ಹೊರಟೆ ಹೊರಟೆ ಅನ್ನುತ್ತ ಅರ್ಧ ದಿನ ಸೋಫಾದಲ್ಲೇ ಕೂತಿರುತ್ತಿದ್ದ ಎಂದು ಚೀಲ ಒಳಗಿಟ್ಟರಂತೆ.

ಅದಾದ ಮೇಲೆ ಭಾವ ಚಡ್ಡಿ ಬಿಟ್ಟು ಪಂಚೆ ಉಟ್ಟುಕೊಂಡು ಬಂದರು. ನಮ್ಮ ಮನೆಯಲ್ಲಿ ಅವರು ಹಬ್ಬ ಬಿಟ್ಟು ಬೇರೆ ದಿನ ಪಂಚೆ ಉಟ್ಟವರಲ್ಲ. ಮೆಟ್ಟಿಲಿನ ರಿಹರ್ಸಲ್ಲೂ ನಿಂತಿತು. ಕಿಚನ್ ಕೌಂಟರಿನ ಅಂಚು ಹಿಡಿದು ಹಿಡಿದು ನಡೆಯುತ್ತಿದ್ದರು. ಪಂಚೆ ಕಾಲಿಗೆ ತೊಡರುತ್ತದೇನೋ ಅಂದುಕೊಂಡು ಹುಳಿಗೆ ಉಪ್ಪು ಹಾಕಿದೆ. ಊಟಕ್ಕೆ ಬಡಿಸುತ್ತ ಮತ್ತೊಮ್ಮೆ ಕರೆದೂ ನೋಡಿದೆ. ಈ ಸಲ ಮಂಡಿಯ ಮಾತು ಬರಲಿಲ್ಲ. "ಹುಳಿ ಚೆನ್ನಾಗಿದೆ ಕಣಮ್ಮ" ಅಂದರು.

ಸಂಜೆಯಾಗುತ್ತಿದ್ದ ಹಾಗೆ ಮಗಳಿಗೆ ಮೆತ್ತೆಯ ನೆನಪಾಯಿತು. ಮೊದಲು ಕೇಳಿದಳು, ಆಮೇಲೆ ಹುಡುಕಿದಳು, ಆಮೇಲೆ ಮನೆ ಹಾರಿಹೋಗುವ ಹಾಗೆ ಅತ್ತಳು. ನನ್ನ ಬೇರೆ ಸೀರೆಗಳನ್ನು ತಂದರೆ ಒಂದೊಂದನ್ನೂ ಕೆನ್ನೆಗೆ ತಾಗಿಸಿ ನೋಡಿ ಎಸೆದಳು. ಇಟ್ಟ ಪ್ರಸ್ಥಾನವನ್ನು ಮನೆಗೆ ತಂದರೆ ಪ್ರಯಾಣ ಮುರಿದ ಹಾಗೆ, ಇದೂ ಭಾವನವರದೇ ನಿಯಮ. ಅವರು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಅತ್ತಿಂದಿತ್ತ ನಡೆದರು. ಎಡಗಾಲು ಎಳೆಯುತ್ತಿತ್ತು. ಕೊನೆಗೆ, ಎಂದೂ ಮಾತು ಬದಲಿಸದ ಭಾವ ಮಾತು ಬದಲಿಸಿದರು. "ನಾನೇ ಹೋಗಿ ತರ್ತೀನಿ" ಎಂದು ಮಗುವನ್ನು ಇಳಿಸಲು ನೋಡಿದರು. ಅವಳು ಕೊರಳು ಬಿಡಲಿಲ್ಲ.

"ನೀನೇ ಹೋಗಿ ಬಾಮ್ಮ. ಶಾಸ್ತ್ರಕ್ಕೆ ನಾನು ಉತ್ತರ ಹೇಳ್ಕೋತೀನಿ" ಅಂದರು. ನಾನು ಬಾಗಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು. "ಮೆತ್ತೆ ಮೇಲೇ ಇದೆ. ಕೆಳಗೆಲ್ಲ ಕೆದಕಬೇಡ."

ಇದೂ ನಿಯಮವೇ ಇರಬೇಕು ಅಂದುಕೊಂಡು ಹುಲ್ಲು ದಾಟಿ ಹೋದೆ. ಮಿಸ್ ಲಿಂಡಾ ಜೆರೇನಿಯಮ್ಮಿಗೆ ನೀರು ಹಾಕುತ್ತಿದ್ದರು. ನಮ್ಮ ಮನೆಯ ಅಳು ಅವರಿಗೆ ಆಗಲೇ ಕೇಳಿಸಿತ್ತು. ಏನೂ ಕೇಳದೆ ಒಳಗೆ ಹೋಗಿ, ಚೀಲವನ್ನೇ ತಂದು ಬೆಂಚಿನ ಮೇಲೆ ಬಿಚ್ಚಿ, ಮೆತ್ತೆಯನ್ನು ನನ್ನ ಕೈಗಿಟ್ಟರು. ಮತ್ತೆ ನೀರಿನ ಕ್ಯಾನು ಎತ್ತಿಕೊಂಡು, ಗಿಡದ ಕಡೆಗೇ ನೋಡುತ್ತ ಹೇಳಿದರು:

"ಅಡಿಯಲ್ಲಿ ನಿಮ್ಮ ಭಾವನ ನೀಕ್ಯಾಪ್ ಇದೆ ನೋಡು, ಬೆಳಿಗ್ಗೆ ಇಲ್ಲೇ ಕೂತು ಬಿಚ್ಚಿ ಹಾಕಿದರು. ಮಂಗಳವಾರದವರೆಗೆ ಅದಿಲ್ಲದೆ ಹೇಗೆ ಓಡಾಡ್ತಾರೆ ಪಾಪ?"