ಕಡಿಯುವ ಬಾರು

ಚಹಾದ ಹೊರತು ಬೇರೆ ಚಟವರಿಯದ ನಾರಾಯಣಪೇಟೆಯ ಸೀರೆ ವ್ಯಾಪಾರಿ ಕರಿಬಸಯ್ಯನವರು ಐವತ್ತೆಂಟನೆಯ ವಯಸ್ಸಿನಲ್ಲಿ ಬಾರಿನಿಂದ ಕೆಟ್ಟರು. (ಕುಡಿಯುವ ಬಾರಲ್ಲ ಸ್ವಾಮೀ, ಕಡಿಯುವ ಬಾರು.)

ಮಗಳು ಭಾಗ್ಯಜ್ಯೋತಿಯ ನಿಶ್ಚಿತಾರ್ಥಕ್ಕೆ ಗದ್ವಾಲದ ಬೀಗರು ಬರುವವರಿದ್ದರು. ಎರಡೂ ಕಡೆ ಲಾಡು ಕಂಡರೆ ಬೆಚ್ಚುವ ಸಕ್ಕರೆ ಕಾಯಿಲೆಯವರೇ ಹೆಚ್ಚು.

"ಗ್ರನೋಲಾ ಬಾರ್ ಹಂಚೋಣಪ್ಪಾ. ಓಟ್ಸು, ಶೇಂಗಾ ಕೂಡಿಸಿ ಒತ್ತಿರ್ತಾರ. ಈಗ ಎಲ್ಲಾ ಅಂಗಡ್ಯಾಗೂ ಸಿಗ್ತಾವು," ಎಂದಳು ಮಗಳು.

"ಅಗ್ಗ ಇರಬೇಕು, ಆದ್ರ ಅಗ್ಗ ಅಂತ ಕಾಣಬಾರ್ದು," ಎಂದು ಹೆಂಡತಿ ಅಮರಮ್ಮ ಫರ್ಮಾನು ಹೊರಡಿಸಿದರು.

ಹೀಗೆ ಶುರುವಾಯಿತು ರುಚಿಪರೀಕ್ಷಾ ದಂಡಯಾತ್ರೆ. ವ್ಯಾಪಾರಕ್ಕೆ ಹೋದ ಊರಲ್ಲೆಲ್ಲ ಕರಿಬಸಯ್ಯನವರು ಒಂದೊಂದು ಬಗೆ ಕೊಂಡು, ಸೀರೆಯ ಸೆರಗಿನಂತೆ ಬೆಳಕಿಗೆ ಹಿಡಿದು, ಮೂಸಿ, ಕಡಿದರು. ಗದ್ವಾಲದ್ದು ಹಲ್ಲಿಗೆ ಮೆತ್ತಿಕೊಂಡು ಕೂತಿತು. ಆ ಮೆತ್ತಿದ ಬಾಯಲ್ಲೇ ಬಸ್‌ಸ್ಟ್ಯಾಂಡಿನಿಂದ ಹೆಂಡತಿಗೆಂದು ವಾಟ್ಸಾಪಿನಲ್ಲಿ ಮಾತು ರೆಕಾರ್ಡ್ ಮಾಡಿ ವರದಿ ಒಪ್ಪಿಸಿದರು:

"ಕೇಳಿಲ್ಲಿ. ನಾರಾಯಣಪ್ಯಾಟಿ ಬಾರ್ ಸಪ್ಪಗ. ಮಕ್ತಲ್ ಬಾರ್ ಚಲೋ, ಆದ್ರ ತುಟ್ಟಿ. ಗದ್ವಾಲ್ ಬಾರ್ ಭಾಳ ಅಗ್ಗ. ಎರಡು ಇಳಿಸೀನಿ, ನಾಲಿಗೀನ ಹೊರಳವಲ್ದು. ಬೀಗರಿಗೆ ಅದ ಸಾಕು ಬಿಡು. ಆ ಮಂದಿಗೆ ಬೆಲ್ಲಾನೂ ಒಂದ, ಬೂಸಾನೂ ಒಂದ."

ಕಳಿಸಿದ ಮೇಲೆ ನೋಡಿದರೆ, ಅದು ಹೋದದ್ದು ಅಮರಮ್ಮನಿಗಲ್ಲ, 'ಬೀಗರ ಬಳಗ' ಗುಂಪಿಗೆ! ಗಡಿಬಿಡಿಯಲ್ಲಿ ಅಳಿಸಿದರು. (ಅವರ ಫೋನಿನಲ್ಲಷ್ಟೇ ಅಳಿಯಿತು. ಉಳಿದ ಮೂವತ್ತೊಂದು ಫೋನುಗಳಲ್ಲಿ ಭದ್ರವಾಗಿ ಉಳಿಯಿತು.)

"ಮೂರೂರಿನ ಬಾರಿನ್ಯಾಗ ಕುಡದು ತೊದಲೀರಂತ ಗದ್ವಾಲ ತುಂಬ ಸುದ್ದಿ!" ಮನೆಗೆ ಬರುತ್ತಲೇ ಅಮರಮ್ಮ ಹರಿಹಾಯ್ದರು. "ಸಂಬಂಧ ಮುರದ್ರ ಹುಡುಗಿ ಮಾರಿ ಹ್ಯಾಂಗ ನೋಡ್ತೀರಿ?"

ಕರಿಬಸಯ್ಯನವರಿಗೆ ಎರಡು ದಿನ ಅನ್ನ ಸೇರಲಿಲ್ಲ. ಫೋನು ಗುಂಯ್ ಎಂದರೆ ಅದನ್ನು ಸೀರೆ ಗಂಟಿನಡಿ ತುರುಕುತ್ತಿದ್ದರು. ಬೀಗರ ಕಡೆಯಿಂದ ಒಂದು ಮಾತಿಲ್ಲ.

ಮೂರನೆಯ ದಿನ ಬೆಳಿಗ್ಗೆ, ಹೇಳದೆ ಕೇಳದೆ, ಹುಡುಗನ ತಾಯಿ ಸುಗುಣಮ್ಮನವರೇ ಬಂದಿಳಿದರು. ಕರಿಬಸಯ್ಯನವರು ಹಣೆ ತುಂಬ ವಿಭೂತಿ ಬಳಿದುಕೊಂಡು, ತಟ್ಟೆಯಲ್ಲಿ ಮೂರೂ ಬಾರು ಇಟ್ಟುಕೊಂಡು ಕೈಮುಗಿದರು.

"ಅಕ್ಕಾರ, ನಾ ಹೇಳಿದ ಬಾರ್ ಇವ ರೀ! ತಿನ್ನೋವು! ಹಲ್ಲಿಗೆ ಮೆತ್ತಿ ಮಾತು ತೊದಲಿತ್ರಿ. ಶಿವನಾಣಿ, ಒಂದು ಹನಿ ಮುಟ್ಟಿದವನಲ್ಲ!"

ಸುಗುಣಮ್ಮ ಗದ್ವಾಲದ ಬಾರನ್ನು ಕಡಿದರು. ದವಡೆ ಸಿಕ್ಕಿಕೊಂಡಿತು. ಎರಡು ಲೋಟ ನೀರು ಕುಡಿದ ಮೇಲೆ ಬಾಯಿ ಬಿಟ್ಟಿತು.

"ಖರೇ ಐತಿ. ನೀವು ಕುಡದಿಲ್ಲ," ಎಂದರು.

ಕರಿಬಸಯ್ಯನವರಿಗೆ ಹೋದ ಜೀವ ಬಂದಂತಾಯಿತು. ಬಾಗಿಲ ಹಿಂದೆ ಭಾಗ್ಯಜ್ಯೋತಿಯ ಬಳೆ ಸದ್ದಾಯಿತು.

"ನಾವೇನು ಸಂಬಂಧ ಬಿಡಾಕ ಬಂದಿರಲಿಲ್ರಿ," ಸುಗುಣಮ್ಮ ಉಳಿದ ತುಂಡನ್ನು ಮೆಲ್ಲಗೆ ತಟ್ಟೆಗಿಟ್ಟರು. "ಕುಡದ ಅಮಲಿನ್ಯಾಗ ಏನೋ ಬಡಬಡಿಸ್ಯಾರ, ಮನಸಿನ್ಯಾಗಿನ ಮಾತಲ್ಲ ಅಂತ ಮಾಫ್ ಮಾಡಿದ್ವಿ. ಈಗ ತಿಳೀತು. ಬೀಗರಿಗೆ ಬೆಲ್ಲಾನೂ ಒಂದ, ಬೂಸಾನೂ ಒಂದ ಅಂತ ನೀವು ಪೂರಾ ಎಚ್ಚರ ಇದ್ದಾಗನ ಅಂದೀರಿ."

ಅಮರಮ್ಮ ಹಣೆ ಚಚ್ಚಿಕೊಂಡರು. ಕರಿಬಸಯ್ಯನವರು ಒಮ್ಮೆ ಹೆಂಡತಿಯನ್ನು, ಒಮ್ಮೆ ಬಾಗಿಲನ್ನು ನೋಡಿದರು. ಹೆಗಲ ಮೇಲಿನ ವಸ್ತ್ರ ತೆಗೆದು ಹಣೆಯ ವಿಭೂತಿಯನ್ನು ನಿಧಾನವಾಗಿ ಒರೆಸಿಕೊಂಡರು.

"ಏನ್ ಮುಚ್ಚಿಡ್ಲಿ ಅಕ್ಕಾರ," ಎಂದು ತಲೆ ತಗ್ಗಿಸಿದರು. "ಅವತ್ತು ಸ್ವಲ್ಪ ಕುಡದಿದ್ನಿರಿ."